ಗಿಣಿ ಮುದ್ರೆಯ ಕಡಗ

ಧನ್ಯಾಳ ತುಟಿಯ ರಕ್ತ ನನ್ನ ಕೌಂಟರಿನ ಗಾಜಿಗೆ ಸಿಡಿದಾಗ ನಾನಿನ್ನೂ ಆ ಕಡಗಗಳನ್ನು ತಕ್ಕಡಿಗೆ ಇಟ್ಟಿರಲಿಲ್ಲ. ಹೊಡೆದವನು ಅವಳ ಗಂಡ ದಿಲೀಪ. ಆಗಿದ್ದು ಇಷ್ಟೇ: "ಇವನ್ನ ದಿನಾ ಹಾಕ್ಕೊಳ್ತಿದ್ಯೇನಮ್ಮ?" ಎಂದು ನಾನು ಕೇಳಿದೆ, ಅವಳು ಉತ್ತರ ಹೇಳಲು ಬಾಯಿ ತೆರೆದಳು.

"ಬಾಯ್ ಮುಚ್ಕೊಂಡ್ ಕೂತ್ಕೊ ಅಂದಿರ್ನಿಲ್ವಾ?" ಎಂದ ಅವನು, ಕೈ ಒದರಿಕೊಳ್ಳುತ್ತ. "ಒಡ್ವೆ ಮಾತಾಡ್ತದೆ. ನೀನ್ ಮಾತಾಡ್ಬ್ಯಾಡ."

ನಾನು ರಂಜಿನಿ. ಹಾಸನದ ಬಸ್ ಸ್ಟ್ಯಾಂಡಿನಿಂದ ಕೂಗಳತೆಯಲ್ಲಿ, ಒಂದು ಮೊಬೈಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ನನ್ನ ವ್ಯಾಪಾರ. ದೊಡ್ಡ ಡಿಸೈನರುಗಳ ಹೆಸರು ಹೊತ್ತ ಒಡವೆಗಳು ಒಂದು ಮದುವೆ, ಒಂದು ಗೃಹಪ್ರವೇಶ ಕಂಡು ಬೀರು ಸೇರಿಬಿಡುತ್ತವಲ್ಲ, ಅವನ್ನು ಕೊಳ್ಳುತ್ತೇನೆ. ಅಸಲಿಯೋ ನಕಲಿಯೋ ನೋಡಿ, ತೊಳೆದು ಹೊಳಪು ಕೊಟ್ಟು, ಇನ್ನೊಬ್ಬರಿಗೆ ಮಾರುತ್ತೇನೆ. ಜಿಲ್ಲೆಯಲ್ಲಿ ಇಂಥ ಅಂಗಡಿ ಇರುವುದು ನನ್ನದೊಂದೇ. ಗೊರೂರಿನ ನೀರಾವರಿ ಕ್ವಾರ್ಟರ್ಸಿನಲ್ಲಿ ನನ್ನನ್ನು ಬೆಳೆಸಿದ ಅಪ್ಪ ಬೈರಯ್ಯನಿಗೆ ಮಗಳು ಬ್ಯಾಂಕು ಸೇರಲಿ ಎಂಬ ಆಸೆಯಿತ್ತು. ನಾನು ಜೈಪುರಕ್ಕೆ ಹೋಗಿ ಕಲ್ಲು ನೋಡುವುದನ್ನು ಕಲಿತು ಬಂದೆ. ನನ್ನ ಸಿಟ್ಟಿಗೆ ಬ್ಯಾಂಕಿನವರು ಸಿಗದೆ ಉಳಿದುಕೊಂಡರು.

ಈ ವ್ಯಾಪಾರದಲ್ಲಿ ನನಗಿರುವ ಆಸ್ತಿ ನನ್ನ ನಾಲಗೆ. ಅಸಲಿ ಎಂದರೆ ಅಸಲಿ, ನಕಲಿ ಎಂದರೆ ನಕಲಿ. ಹೆಂಡತಿಯ ಓಲೆ ಹಿಡಿದುಕೊಂಡು ಪೊಲೀಸ್ ಸಬ್ ಇನ್ಸ್‌ಪೆಕ್ಟರೂ ಬರುತ್ತಾರೆ, ಲಾಯರುಗಳೂ ಬರುತ್ತಾರೆ. ಬಂದವರೆಲ್ಲ ತಲೆ ಎತ್ತಿ ಮೂಲೆಯ ಕ್ಯಾಮೆರಾ ನೋಡಿ, "ಅದು ಅಸಲೀನಾ ಮೇಡಂ?" ಎಂದು ತಮಾಷೆ ಮಾಡಿ ಹೋಗುತ್ತಾರೆ. ಅದೂ ಅಸಲಿಯೇ. ಹೋದ ವರ್ಷ ಯಾರೋ ಶಟರ್ ಮೀಟಲು ನೋಡಿದ ಮೇಲೆ ಹಾಕಿಸಿದ್ದು.

ಆ ಬೆಳಿಗ್ಗೆ ನಾಲ್ಕು ಜನ ಒಟ್ಟಿಗೆ ಮೆಟ್ಟಿಲು ಹತ್ತಿ ಬಂದಿದ್ದರು. ಧನ್ಯಾಳ ಅಪ್ಪ ಮಂಜುನಾಥ ಅರಕಲಗೂಡು ಕಡೆಯವನು, ಹೊಗೆಸೊಪ್ಪು ಬೆಳೆಯುವವನು. ದಿಲೀಪನ ತಾಯಿ ಪುಟ್ಟತಾಯಮ್ಮ ಚನ್ನರಾಯಪಟ್ಟಣದವಳು. ಗಂಡ ತೀರಿಕೊಂಡ ಮೇಲೆ ಕೊಬ್ಬರಿ ಮಂಡಿಯನ್ನೂ ಮಗನನ್ನೂ ಅವಳೇ ನಡೆಸುತ್ತಿದ್ದಳು. ಮಂಡಿ ಚೆನ್ನಾಗಿ ನಡೆಯುತ್ತಿತ್ತು.

ಮದುವೆಯಾಗಿ ವರ್ಷ ತುಂಬಿರಲಿಲ್ಲ. ಮಂಜುನಾಥ ಮಗಳಿಗೆ ಬೆಂಗಳೂರಿನ ಹೆಸರಾಂತ ಡಿಸೈನರಮ್ಮನ ಹತ್ತಿರ ಒಂದು ಜೊತೆ ಕೆಂಪು ಕಲ್ಲಿನ ಕಡಗ ಮಾಡಿಸಿದ್ದ. ಅವಳ ಹೆಸರು ಬೇಡ, ವಕೀಲರ ನೋಟಿಸು ಬಂದೀತು. ಅವಳು ಮಾಡಿದ ಒಡವೆಯ ಒಳಮೈಯಲ್ಲಿ ಒಂದು ಸಣ್ಣ ಗಿಣಿಯ ಮುದ್ರೆ ಇರುತ್ತದೆ. ಆ ಗಿಣಿಗೆ ಚಿನ್ನಕ್ಕಿಂತ ಹೆಚ್ಚು ಬೆಲೆ. ಈಗ ಕಡಗ ಹಾಕಿದರೆ ಧನ್ಯಾಳ ಕೈ ಹಸಿರಾಗುತ್ತಿತ್ತು.

"ಬಿಲ್ಲೆಲ್ಲ ಐತೆ ಮೇಡಂ," ಎಂದ ಮಂಜುನಾಥ.

"ಬಿಲ್ಲು ಅಸಲಿ, ಮಾಲು ಗಿಲೀಟು," ಎಂದ ದಿಲೀಪ. "ಅಸಲೀನ ಲಾಕರ್‌ನಾಗ್ ಮಡೀಕೊಂಡು, ಇಂತದೇ ಗಿಲೀಟು ಮಾಡ್ಸಿ ಮಗಳ ಕೈಗಾಕಿ ಕಳಿಸವ್ನೆ. ನಮ್ಮನ್ನ ಏನ್ ಕುರಿ ಅನ್ಕಂಡವ್ನಾ?"

ಅವರವರಲ್ಲೇ ಮಾತಾಗಿತ್ತು. ನಾನು ಅಸಲಿ ಎಂದರೆ ದಿಲೀಪ ಬಾಯಿ ಮುಚ್ಚಬೇಕು. ನಕಲಿ ಎಂದರೆ ಮಂಜುನಾಥ ಅಸಲಿಯನ್ನು ತಂದು ಒಪ್ಪಿಸಬೇಕು, ಒಪ್ಪಿಸುವ ತನಕ ಧನ್ಯಾ ಗಂಡನ ಮನೆ ಹೊಸ್ತಿಲು ದಾಟಿ ಹೊರಗೆ ಬರುವಂತಿಲ್ಲ. ಆ ಮನೆಯಲ್ಲಿ ಅವಳ ಗತಿ ಏನೆಂದು ನಾನು ಕೇಳಬೇಕಾಗಿರಲಿಲ್ಲ. ಸೆರಗು ಸರಿದಾಗ ಕುತ್ತಿಗೆಯ ಎರಡೂ ಕಡೆ ಬೆರಳಿನ ಗುರುತು ಕಂಡವು. ಹಳೆಯವು ಹಳದಿಯಾಗಿದ್ದವು, ಹೊಸವು ನೀಲಿ.

ತುಟಿ ಒರೆಸಿಕೊಳ್ಳಲು ಬಟ್ಟೆ ಕೊಟ್ಟಾಗ ಅವಳು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ಈ ಸಲ ಕೊಂದ್ಬುಡ್ತಾನೆ," ಎಂದಳು. ಅಳುತ್ತಿರಲಿಲ್ಲ. ಬಸ್ಸಿನ ಸಮಯ ಹೇಳಿದ ಹಾಗೆ ಹೇಳಿದಳು.

ನಾನು ಸುತ್ತಿಗೆ ತೆಗೆದು ಕೌಂಟರಿನ ಬದಿಯಲ್ಲಿದ್ದ, ಒಡವೆ ಬಡಿಯುವ ಕಬ್ಬಿಣದ ಅಡಿಗಲ್ಲಿನ ಮೇಲೆ ಒಂದೇಟು ಹಾಕಿದೆ. ನಾಲ್ವರೂ ಬೆಚ್ಚಿದರು.

"ಇನ್ನೊಂದ್ಸಲ ನನ್ನ ಅಂಗಡೀಲಿ ಕೈ ಎತ್ತಿದ್ರೆ ಆ ಕೈ ವಾಪಸ್ ಹೋಗಲ್ಲ," ಎಂದೆ ದಿಲೀಪನಿಗೆ.

ಪುಟ್ಟತಾಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಗಂಡ ಎಂಡ್ರ ಇಸ್ಯ ಕಣವ್ವ, ನಿಂಗ್ಯಾಕೆ? ಯಾವ್ ಪೈಕೀರು ನೀವು?"

ಹೇಳಿದೆ. ಅವಳು ಅಲ್ಲಿಯ ತನಕ ಕೈಯಲ್ಲಿ ಹಿಡಿದಿದ್ದ, ನಾನು ಕೊಟ್ಟ ನೀರಿನ ಲೋಟವನ್ನು ಕುಡಿಯದೆ ಕೌಂಟರಿನ ಮೇಲಿಟ್ಟು, ಬೆರಳನ್ನು ಸೀರೆಗೆ ಒರೆಸಿಕೊಂಡಳು. ಇದೇನು ನನಗೆ ಹೊಸದಲ್ಲ. ಆದರೂ ಆ ಲೋಟವನ್ನು ನಾನು ಎತ್ತಿಡಲಿಲ್ಲ.

ಕೆಲಸಕ್ಕೆ ಕೂತೆ. ಕಡಗ ಕೈಗೆತ್ತಿಕೊಂಡಾಗಲೇ ಭಾರ ಸಾಲದೆಂದು ಗೊತ್ತಾಯಿತು. ಭೂತಗನ್ನಡಿಯಲ್ಲಿ ಗಿಣಿಯನ್ನು ನೋಡಿದರೆ ರೆಕ್ಕೆಯ ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಒಳಮೈಯನ್ನು ಸ್ವಲ್ಪ ಕೆರೆದು ಒರೆಗಲ್ಲಿಗೆ ಉಜ್ಜಿ ಒಂದು ತೊಟ್ಟು ಆಸಿಡ್ ಬಿಟ್ಟೆ. ಗೆರೆ ಹಸಿರಾಗಿ ನೊರೆಯೆದ್ದು ಮಾಯವಾಯಿತು. ಎಲ್ಲರೂ ಬಗ್ಗಿ ನೋಡುತ್ತಿದ್ದರು, ಮುಚ್ಚಿಡುವಂತಿರಲಿಲ್ಲ.

"ನಕಲಿ," ಎಂದೆ.

ಮಾತು ಮುಗಿದಿರಲಿಲ್ಲ, ದಿಲೀಪ ಮಾವನ ಎದೆಗೆ ಒದ್ದ. ಮಂಜುನಾಥ ಸ್ಟೂಲಿನ ಸಮೇತ ಹಿಂದಕ್ಕೆ ಬಿದ್ದು ತಲೆ ಗೋಡೆಗೆ ಬಡಿಯಿತು. ಅಡ್ಡ ಬಂದ ಧನ್ಯಾಳ ಜಡೆಯನ್ನು ಕೈಗೆ ಸುತ್ತಿಕೊಂಡು ದಿಲೀಪ ಅವಳ ಮುಖವನ್ನು ಕೌಂಟರಿನ ಅಂಚಿಗೆ ಒತ್ತಿ ಹಿಡಿದ. "ಯೋಳೇ, ನಿಮ್ಮಪ್ಪ ಎಲ್ ಮಡ್ಗವ್ನೆ ಅಸಲೀನ?"

"ಬುಡ್ಲಾ, ಮನೇಲ್ ನೋಡ್ಕಳಾನ," ಎಂದಳು ಪುಟ್ಟತಾಯಮ್ಮ. ಮಗ ಮಾಡುತ್ತಿದ್ದುದು ತಪ್ಪೆಂದಲ್ಲ, ಜಾಗ ಸರಿಯಿಲ್ಲವೆಂದು.

"ಇನ್ನೂ ಮುಗಿದಿಲ್ಲ!" ಎಂದು ನಾನು ಕಿರುಚಿದೆ. "ನಕಲಿ ಅಂದೆ. ಯಾವಾಗಿಂದ ನಕಲಿ ಅಂತ ನೋಡೋದು ಬೇಡ್ವಾ?"

ಅವನ ಹಿಡಿತ ಸಡಿಲವಾಯಿತು. ನಾನು ದನಿ ತಗ್ಗಿಸಿ ಬರೀ ವ್ಯಾಪಾರದವಳ ಹಾಗೆ ಕೇಳಿದೆ. "ಧಾರೆ ಹೊತ್ತಲ್ಲಿ ಇವಳ ಕೈಲಿದ್ದಿದ್ದು ಈ ಕಡಗಾನೇನಾ?"

"ಇವೇಯ. ಧಾರೇಲೂ ಇವೇ, ಇವತ್ತೂ ಇವೇ," ಎಂದ ದಿಲೀಪ.

"ನೀವೇನಂತೀರಮ್ಮ?"

"ನಾನೇ ಕಣ್ಣಾರ ಕಂಡಿವ್ನಿ. ಅವತ್ತಿಂದ ಬ್ಯಾರೆ ಕಡಗ ನಮ್ಮಟ್ಟೀಗೆ ಬಂದೇ ಇಲ್ಲ," ಎಂದಳು ಪುಟ್ಟತಾಯಮ್ಮ.

ನನಗೆ ಬೇಕಾಗಿದ್ದುದು ಅದೇ ಮಾತು. ನಮ್ಮ ಕಡೆ ಮದುವೆಯಲ್ಲಿ ಹುಡುಗ ಹುಡುಗಿ ಕೈ ಜೋಡಿಸಿ ತೆಂಗಿನಕಾಯಿ ಹಿಡಿದು ನಿಂತರೆ, ಹೆತ್ತವರು ಮಾತ್ರವಲ್ಲ, ಬಂದ ನೆಂಟರಿಷ್ಟರೆಲ್ಲ ಸಾಲುಗಟ್ಟಿ ಆ ಕೈಗಳ ಮೇಲೆ ಹಾಲು ಹುಯ್ಯುತ್ತಾರೆ. ಹುಡುಗಿಯ ಮೊಣಕೈ ತನಕ ಹಾಲು ಹರಿಯುತ್ತದೆ. ಕಲ್ಲಿನ ಕಡಗದಲ್ಲಿ ಒಂದೊಂದು ಕಲ್ಲಿನ ಹಿಂದೆಯೂ ಹೊಳಪಿಗೆಂದು ತೆಳ್ಳನೆಯ ಬೆಳ್ಳಿ ತಗಡು ಇರುತ್ತದೆ. ಹಾಲು ಸಂದಿಯಲ್ಲಿ ಇಳಿದು ಅಲ್ಲಿ ಕೂರುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ. ಕೆಲವು ತಿಂಗಳಿಗೆ ತಗಡು ಕಂದಾಗಿ, ಕಲ್ಲಿನ ಕೆಂಪು ಮಂಕಾಗುತ್ತದೆ. ಬೆಂಗಳೂರಿನವರು ಇಂಥದ್ದನ್ನು ನೋಡಿ ಮಾಲು ಕೆಟ್ಟಿದೆ ಎಂದು ತಿರುಗಿಸಿ ಕಳಿಸುತ್ತಾರೆ. ನಾನು ನೋಡಿದರೆ, ಇದು ನಮ್ಮೂರ ಕಡೆಯ ಮದುಮಗಳ ಕೈಯಲ್ಲಿದ್ದದ್ದು ಎಂದು ಹೇಳಿಬಿಡುತ್ತೇನೆ. ಸಾವಿರ ಜನ ಹುಯ್ದ ಹಾಲು ಸುಳ್ಳು ಹೇಳುವುದಿಲ್ಲ.

ಅವರಿಗೆ ಇದನ್ನೆಲ್ಲ ಹೇಳಿ, ಸಣ್ಣ ಉಳಿಯಿಂದ ಆ ಕಡಗದ ಒಂದು ಕಲ್ಲನ್ನು ಮೀಟಿ ತೆಗೆದೆ. ಹಿಂದಿನ ತಗಡು ಹೊಸ ತಟ್ಟೆಯಂತೆ ಮಿಂಚುತ್ತಿತ್ತು. ಇನ್ನೊಂದು ತೆಗೆದೆ, ಅದೂ ಹಾಗೇ.

"ಈ ಕಡಗ ಧಾರೆಯ ಹಾಲನ್ನ ಕಂಡೇ ಇಲ್ಲ. ಮದುವೆ ಆದ್ಮೇಲೆ ಮಾಡಿಸಿರೋದು," ಎಂದೆ. "ಅವಳಪ್ಪ ಕೊಟ್ಟಿದ್ದು ಬೇರೆ."

ದಿಲೀಪ ನಕ್ಕ. "ಇವ್ಳಿಗೇನ್ ತಲೆ ಕೆಟ್ಟದಾ? ಆಲಂತೆ, ಆಲು! ಎಲ್ಲವ್ವಾ ಆ ಬ್ಯಾರೆ ಕಡಗ, ತೋರ್ಸು ನೋಡಾನ."

ಆ ಬೇರೆ ಕಡಗ ನನ್ನ ಬೆನ್ನ ಹಿಂದಿನ ಕಬ್ಬಿಣದ ಬೀರುವಿನಲ್ಲಿತ್ತು.

ಅವರು ಪೊಟ್ಟಣ ಬಿಚ್ಚಿದಾಗಲೇ ನನಗೆ ಅದರ ನೆನಪಾಗಿತ್ತು. ಅದೇ ಕೆಲಸ, ಅದೇ ಗಿಣಿಯ ಒಂದು ಜೊತೆಯನ್ನು ನಾನು ಕೆಲವು ವಾರಗಳ ಹಿಂದೆ ಒಬ್ಬ ಬ್ರೋಕರನಿಂದ ಕೊಂಡಿದ್ದೆ. ಕಲ್ಲಿನ ಹಿಂದೆ ಹಾಲು ಇಳಿದಿದೆ ಎಂದು ಚೌಕಾಸಿ ಮಾಡಿಯೇ ಕೊಂಡಿದ್ದೆ. ಈಗ ಹೊರಗೆ ತೆಗೆದರೆ ಅದು ಕಳ್ಳಮಾಲು. ಹಾಕಿದ ಬಂಡವಾಳ ಹೋಯಿತು, ಸ್ಟೇಷನ್ನಿಗೆ ಅಲೆಯುವುದೂ ತಪ್ಪುವುದಿಲ್ಲ. ಸುಳ್ಳೇಕೆ, ಬೀರು ಮುಚ್ಚಿಯೇ ಇರಲಿ ಎಂದು ನನಗೆ ಅನ್ನಿಸಿತು. ಧನ್ಯಾ ಕೌಂಟರಿನ ಮೇಲೆ ಮುಖವಿಟ್ಟುಕೊಂಡೇ ನನ್ನನ್ನು ನೋಡುತ್ತಿದ್ದಳು. ಅವಳ ಉಸಿರಿಗೆ ಗಾಜು ಮಬ್ಬಾಗುತ್ತಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ಎದ್ದು ಹೋಗಿ ಬೀಗ ತೆಗೆದೆ.

ಬಟ್ಟೆಯಲ್ಲಿ ಸುತ್ತಿದ್ದ ಕಡಗಗಳನ್ನು ಬಿಚ್ಚುವ ಮುಂಚೆ ಅವಳನ್ನು ಕೇಳಿದೆ. "ನಿನ್ ಕಡಗಕ್ಕೆ ಏನಾದ್ರೂ ಗುರುತಿತ್ತಾ?"

ಅವಳು ತಲೆ ಎತ್ತಿದಳು. "ಧಾರೇಲಿ ನಮ್ಮಜ್ಜಿ ಕೈ ನಡುಗಿ ಚೊಂಬು ಕಡಗಕ್ಕೆ ಬಡೀತು. ಗಿಣಿ ಪಕ್ಕದಾಗೆ ನೆಗ್ಗೈತೆ."

ಬಟ್ಟೆ ಬಿಚ್ಚಿದೆ. ಗಿಣಿಯ ಬಾಲದ ಪಕ್ಕದಲ್ಲಿ ಉಗುರು ಕೂರುವಷ್ಟು ನೆಗ್ಗು. ಒಂದು ಕಲ್ಲನ್ನು ಮೀಟಿದೆ. ತಗಡು ಕಂದಾಗಿತ್ತು, ಅಂಚಿಗೆ ಹಳದಿ ಪುಡಿ ಕಟ್ಟಿತ್ತು. ತೊಳೆಯದೆ ಬಿಟ್ಟ ಬೆಣ್ಣೆ ಗಡಿಗೆಯ ಕಮಟು ವಾಸನೆ ಸಣ್ಣಗೆ ಎದ್ದಿತು. ಮಂಜುನಾಥ ನೆಲದಿಂದ ಎದ್ದು ಬಂದು ಕಡಗವನ್ನು ಮೂಗಿನ ಹತ್ತಿರ ಹಿಡಿದ. "ನಮ್ಮವ್ವ ಉಯ್ದ ಆಲು," ಎಂದ.

"ಇದನ್ನ ನಂಗೆ ತಂದ್ಕೊಟ್ಟೋನು ಹೊಳೆನರಸೀಪುರದ ಬ್ರೋಕರ್ ರವೀಂದ್ರ," ಎಂದು ನಾನು ಫೋನ್ ಎತ್ತಿಕೊಂಡೆ. "ಅವನಿಗೆ ಕೊಟ್ಟೋರ್ ಯಾರು ಅಂತ ಎಲ್ಲರ ಮುಂದೇನೇ ಕೇಳೋಣ."

ಫೋನ್ ಇನ್ನೂ ರಿಂಗಾಗಿರಲಿಲ್ಲ. ದಿಲೀಪ ಕೌಂಟರಿನ ಮೇಲೆ ಹಾರಿ ಬಂದ. ಗಾಜು ಅವನ ಮೊಣಕಾಲಿನಡಿ ಒಡೆಯಿತು. ಫೋನನ್ನು ಕಿತ್ತು ಗೋಡೆಗೆ ಬಡಿದು, ನನ್ನ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಅದುಮಿ ಬೀರುವಿಗೆ ಒತ್ತಿದ. ಅವನ ಹೆಬ್ಬೆರಳು ಎಲ್ಲಿ ಕೂರುತ್ತವೆ ಎಂದು ಆಗ ನನ್ನ ಮೈಗೇ ಗೊತ್ತಾಯಿತು. ಧನ್ಯಾಳ ಕುತ್ತಿಗೆಯಲ್ಲಿ ನೋಡಿದ್ದೆನಲ್ಲ, ಅದೇ ಜಾಗ. ಕಣ್ಣು ಕತ್ತಲಿಟ್ಟಿತು. ನಾನು ಅವನ ಮುಖಕ್ಕೆ ಉಗುರು ಹಾಕಿ ಕೆಳಗೆ ಎಳೆದೆ, ಚರ್ಮ ಬಂತು. ಮಂಜುನಾಥ ಹಿಂದಿನಿಂದ ಅಂಗಿ ಹಿಡಿದು ಜಗ್ಗಿದ ಮೇಲೆ ಅವನು ಒಡೆದ ಗಾಜಿನ ಮೇಲೆ ಬಿದ್ದ.

ಆಮೇಲೆ ಯಾರೂ ರವೀಂದ್ರನನ್ನು ಕೇಳುವ ಅಗತ್ಯ ಉಳಿಯಲಿಲ್ಲ.

"ಆ ಕ್ರಿಕೆಟ್ ಬೆಟ್ಟಿಂಗ್ ಬುಟ್ಟೆ ಅಂದಿದ್ಯಲ್ಲೋ," ಎಂದಳು ಪುಟ್ಟತಾಯಮ್ಮ. ಅವನು ನೆಲ ನೋಡಿಕೊಂಡು ಮುಖದ ರಕ್ತ ಒರೆಸಿಕೊಂಡ. ಹೆಂಡತಿಯ ಕಡಗ ಕದ್ದು ಮಾರಿ, ನಕಲಿ ಮಾಡಿಸಿ ಅವಳ ಕೈಗೆ ಹಾಕಿ, ಬಣ್ಣ ಬಯಲಾದಾಗ ಅವಳಪ್ಪನ ಮೇಲೆ ಹೊರಿಸಿ, ಅದೇ ನೆಪದಲ್ಲಿ ಇಷ್ಟು ದಿನ ಅವಳನ್ನೇ ಬಡಿದಿದ್ದ. ತಾಯಿಯಾದವಳು ಈಗ ಅವನ ಕೆನ್ನೆಗೆ ಬಾರಿಸುತ್ತಾಳೆ ಎಂದುಕೊಂಡೆ. ಅವಳು ಸೆರಗು ಸರಿಮಾಡಿಕೊಂಡಳು.

"ಸರಿ ಬುಡಿ. ಒಡ್ವೆ ಅಸಲೀನೇ, ಸಿಕ್ತಲ್ಲ. ಬೀಗ್ರ ಮಾನಾನೂ ಉಳೀತು," ಎಂದಳು. "ಏಳವ್ವ ಧನ್ಯಾ, ಕಡಗ ಎತ್ಕೊ. ಬಸ್ಸಿನ್ ವತ್ತಾಯ್ತದೆ."

ಅದಾದರೂ ಹೋಗಲಿ, ಅವಳು ಅವನ ತಾಯಿ. ಮಂಜುನಾಥ ಹೆಗಲ ಮೇಲಿನ ಟವೆಲಿನಿಂದ ತಲೆಯ ರಕ್ತ ಒತ್ತಿಕೊಳ್ಳುತ್ತ, "ನನ್ ಮ್ಯಾಲಿನ್ ಅಪವಾದ ಕಳೀತು, ಅಷ್ಟ್ ಸಾಕು," ಎಂದ. "ಓಗ್ ಮಗ. ಇನ್ಮ್ಯಾಕೆ ನೆಟ್ಟಗಿರ್ತಾನೆ. ನಾನೂ ಬಂದ್ ಬಂದ್ ನೋಡ್ಕತೀನಿ."

ನನ್ನ ಕುತ್ತಿಗೆ ಅದುಮಿದವನ ಮೇಲೆ ಬರದಷ್ಟು ಸಿಟ್ಟು ನನಗೆ ಈ ಮುದುಕನ ಮೇಲೆ ಬಂತು. ಮಗಳ ಕುತ್ತಿಗೆ ಅವನಿಗೂ ಕಾಣುತ್ತಿತ್ತು. ಆದರೆ ಅವನು ಮೆಟ್ಟಿಲು ಹತ್ತಿ ಬಂದದ್ದು ಕಡಗದ ತೀರ್ಪಿಗೆ. ಅದು ಸಿಕ್ಕಿಬಿಟ್ಟಿತ್ತು.

ಧನ್ಯಾ ಎದ್ದಳು. ಕಡಗ ಎತ್ತಿಕೊಂಡಳು. ಒಂದು ಗಳಿಗೆ ಅದನ್ನು ಕೈಗೆ ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ನೆಗ್ಗಿದ್ದ ಕಡಗವನ್ನು ಅಡಿಗಲ್ಲಿನ ಮೇಲಿಟ್ಟು ನನ್ನ ಸುತ್ತಿಗೆ ತೆಗೆದುಕೊಂಡಳು.

ಮೊದಲ ಏಟಿಗೆ ಕಡಗ ಮೊಟ್ಟೆಯಾಕಾರವಾಯಿತು. ಎರಡನೆಯದಕ್ಕೆ ಕಲ್ಲುಗಳು ಸಿಡಿದು ಗೋಡೆಗೆ, ನನ್ನ ಕೆನ್ನೆಗೆ ಬಡಿದವು. ಕಂದು ತಗಡು, ಹಳದಿ ಪುಡಿ ಅಡಿಗಲ್ಲಿನ ಮೇಲೆಲ್ಲ ಚೆಲ್ಲಿತು. ಅವಳ ಅಜ್ಜಿ, ಅತ್ತೆಯರು, ಅರಕಲಗೂಡಿನಿಂದ ವ್ಯಾನು ಮಾಡಿಕೊಂಡು ಬಂದಿದ್ದ ಜನ ಹುಯ್ದ ಹಾಲೆಲ್ಲ ಇಷ್ಟೇ ಪುಡಿ.

"ಏಯ್! ನಮ್ಮಟ್ಟಿ ಒಡ್ವೆ ಕಣೇ ಅದು!" ದಿಲೀಪ ಎದ್ದು ಬಂದು ಕಡಗದ ಮೇಲೆ ಕೈ ಹಾಕಿದ.

ಸುತ್ತಿಗೆ ಮೇಲಿತ್ತು. ಅವಳಿಗೆ ಕೈ ಕಂಡಿತು. ಅವಳಿಗೆ ಕಂಡದ್ದು ನನಗೂ ಕಂಡಿತು, ಅದರಲ್ಲಿ ಅನುಮಾನವೇ ಇಲ್ಲ. ಬೇಕಿದ್ದರೆ ಅವಳು ನಿಲ್ಲಿಸಬಹುದಿತ್ತು. ನಾನು ಕೂಗಬಹುದಿತ್ತು. ಸುತ್ತಿಗೆ ಬಿತ್ತು, ಅವನ ಬೆರಳುಗಳ ಬುಡಕ್ಕೇ. ಕಬ್ಬು ಮುರಿದಂಥ ಸದ್ದಾಯಿತು. ಅವನು ಕಿರುಚಿ ಕೈ ಎಳೆದುಕೊಳ್ಳುವ ಮೊದಲೇ ಇನ್ನೊಂದು ಬಿತ್ತು. ಆ ಕೈ ಇನ್ನು ಯಾರ ಕುತ್ತಿಗೆಗೂ ಸುತ್ತಿಕೊಳ್ಳುವ ಹಾಗಿರಲಿಲ್ಲ. ಅವನು ಮಂಡಿಯೂರಿ ಕೂತು ಅದನ್ನು ಹೊಟ್ಟೆಗೆ ಒತ್ತಿಕೊಂಡು ಅವ್ವಾ ಅವ್ವಾ ಎಂದು ಅರಚಿದ. ನನಗೆ ಅಯ್ಯೋ ಅನ್ನಿಸಲಿಲ್ಲ.

ಧನ್ಯಾ ಸುತ್ತಿಗೆಯನ್ನು ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು. ನಾನು ಅದನ್ನೆತ್ತಿ ಕೈಯಲ್ಲಿ ಹಿಡಿದುಕೊಂಡೆ.

ಕೆಳಗಿನ ಮೊಬೈಲ್ ಅಂಗಡಿಯವರು ಪೊಲೀಸರಿಗೆ ಫೋನ್ ಮಾಡಿದ್ದರು. ಸಬ್ ಇನ್ಸ್‌ಪೆಕ್ಟರು ಬಂದು, ದಿಲೀಪನನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಿ, ಗಾಜಿನ ಚೂರು ತುಳಿಯದಂತೆ ಒಳಗೆ ಬಂದರು. ಹೆಂಡತಿಯ ಓಲೆ ತೋರಿಸಲು ಬರುತ್ತಿದ್ದವರು ಅವರೇ.

ಪುಟ್ಟತಾಯಮ್ಮ ಧನ್ಯಾಳ ಕಡೆ ಬೆರಳು ಚಾಚಿದಳು. "ಇವ್ಳೇ ಸಾ! ಕಟ್ಕಂಡ್ ಗಂಡನ್ ಕೈನೇ ಜಜ್ಜಾಕ್ಬುಟ್ಲು, ರಾಕ್ಷಸಿ!"

"ನಾನು ಸಾರ್ ಹೊಡೆದಿದ್ದು," ಎಂದೆ. "ಅಂಗಡಿ ಮಾಲಿಗೆ ಕೈ ಹಾಕ್ದ, ನನ್ ಕುತ್ತಿಗೆ ಅದುಮ್ದ. ನೋಡಿ ಇಲ್ಲಿ. ಸುತ್ತಿಗೆ ಕೈಲಿತ್ತು, ಬೀಸ್ದೆ. ಇವಳ ಕುತ್ತಿಗೇನೂ ನೋಡಿ, ಅದನ್ನೂ ಬರ್ಕೊಳ್ಳಿ."

ಅವರು ನನ್ನ ಕುತ್ತಿಗೆ ನೋಡಿದರು, ಧನ್ಯಾಳದ್ದು ನೋಡಿದರು. ಆಮೇಲೆ ಮಂಜುನಾಥನ ಕಡೆ ತಿರುಗಿದರು. ಅವನು ಟವೆಲನ್ನು ಹಿಂಡುತ್ತ ನಿಂತಿದ್ದ. ಬೀಗಿತ್ತಿ ಅವನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದಳು. ಇವನು ಬಾಯಿ ಬಿಡುವುದಿಲ್ಲ ಎಂದುಕೊಳ್ಳುವಷ್ಟರಲ್ಲಿ, "ಮೇಡಂ ಯೋಳ್ದಂಗೇ ಆಗಿದ್ದು ಸಾ," ಎಂದ. ಮಗಳ ಮುಖ ನೋಡುವ ಧೈರ್ಯ ಅವನಿಗೆ ಆಗಲೂ ಬರಲಿಲ್ಲ.

"ನೀನ್ ಯಾರ್ ಜೊತೆ ಹೋಗ್ತೀಯಮ್ಮ?" ಎಂದು ಇನ್ಸ್‌ಪೆಕ್ಟರು ಕೇಳಿದರು.

ಧನ್ಯಾ ಅತ್ತೆಯನ್ನು ನೋಡಿದಳು, ಅಪ್ಪನನ್ನು ನೋಡಿದಳು. ಪುಟ್ಟತಾಯಮ್ಮ ಮುಟ್ಟದೆ ಬಿಟ್ಟಿದ್ದ ನೀರಿನ ಲೋಟ ಅಷ್ಟೆಲ್ಲ ಆದರೂ ಉರುಳದೆ ಕೌಂಟರಿನ ಮೂಲೆಯಲ್ಲಿ ನಿಂತಿತ್ತು. ಧನ್ಯಾ ಅದನ್ನೆತ್ತಿ ಗಟಗಟ ಕುಡಿದು, ಕೌಂಟರು ಸುತ್ತಿ ಬಂದು ನನ್ನ ಪಕ್ಕ ಕೂತಳು.

ಇನ್ಸ್‌ಪೆಕ್ಟರು ಟೋಪಿ ತೆಗೆದು ತಲೆ ಕೆರೆದುಕೊಂಡರು. ಅವರ ಕಣ್ಣು ಮೂಲೆಯ ಮೇಲಕ್ಕೆ ಹೋಗಿ ನಿಂತಿತು. ಕ್ಯಾಮೆರಾದ ಕೆಂಪು ದೀಪ ಮಿಣುಕುತ್ತಿತ್ತು.

"ಅದ್ರಲ್ಲಿ ಎಲ್ಲಾ ಬಂದಿರುತ್ತಲ್ಲ ಮೇಡಂ?"

ನನ್ನ ಮೊಣಕೈ ಹಿಡಿದಿದ್ದ ಧನ್ಯಾಳ ಬೆರಳು ಬಿಗಿಯಾದವು. ಇಷ್ಟು ವರ್ಷ ಕೂಡಿಟ್ಟುಕೊಂಡಿದ್ದು ಒಂದೇ ಒಂದು, ನನ್ನ ಮಾತು. ಇವತ್ತಿಗಲ್ಲದೆ ಅದು ಇನ್ಯಾವತ್ತಿಗೆ?

"ಅದು ನಕಲಿ ಸಾರ್," ಎಂದೆ. "ಕಳ್ಳರನ್ನ ಹೆದರಿಸೋಕೆ. ಬ್ಯಾಟರಿ ಹಾಕಿದ್ರೆ ದೀಪ ಮಿಣಮಿಣ ಅನ್ನುತ್ತೆ, ಅಷ್ಟೇ."

ಅವರು ಕ್ಯಾಮೆರಾವನ್ನು ಇನ್ನೊಮ್ಮೆ ನೋಡಿದರು. ನನ್ನನ್ನು ನೋಡಿದರು. ಆಮೇಲೆ ಟೋಪಿ ಹಾಕಿಕೊಂಡರು.

"ನೀವು ನಕಲಿ ಅಂದ್ಮೇಲೆ ನಕಲೀನೇ ಬಿಡಿ," ಎಂದು ಹೇಳಿ ಮೆಟ್ಟಿಲು ಇಳಿದರು.